ನಮ್ಮ ಟ್ರಾವೆಲ್ ಟ್ರೇಲರ್: ಚಾವಣಿಯ ಅಂಚಿನಿಂದ ಚಕ್ರದ ನಟ್ಟಿನವರೆಗೆ

ನಾವು ಕೊಂಡಿದ್ದು 2021ರ ಮಾಡೆಲ್ ಟ್ರಾವೆಲ್ ಟ್ರೇಲರ್. ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಎಳೆಯುವಂಥ, ಚಕ್ರದ ಮೇಲಿನ ಪುಟ್ಟ ಮನೆ. 26 ಅಡಿ ಉದ್ದ, ಒಂದು ಸ್ಲೈಡ್‌ಔಟ್ (ನಿಲ್ಲಿಸಿದಾಗ ಗೋಡೆಯಿಂದ ಹೊರಕ್ಕೆ ಸರಿಯುವ ಭಾಗ), ಹಿಂದೆ ಮಕ್ಕಳಿಗೆ ಮೇಲೊಂದು ಕೆಳಗೊಂದು ಬಂಕ್, ಮುಂದೆ ನಮಗೆ ದೊಡ್ಡ ಹಾಸಿಗೆ. ತೆರಿಗೆ ಬಿಟ್ಟು 34,000 ಡಾಲರ್ ಕೊಟ್ಟೆವು. ಒಳಗೆ ಜಾಗ ಹೊಂದಿಸಿರುವ ರೀತಿಗೆ ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಜೋಡಣೆಗೆ ಒಂದೂವರೆ. ಡೀಲರ್ ಸೇವೆಗೆ ಒಂದು, ಅದೂ ಅಲ್ಲಿದ್ದ ಒಬ್ಬ ಮೆಕ್ಯಾನಿಕ್ ನಿಜ ಹೇಳುತ್ತಿದ್ದ ಅನ್ನುವ ಕಾರಣಕ್ಕೆ.

ಕಂಪನಿಯ ಹೆಸರು ಬರೆಯುತ್ತಿಲ್ಲ. ಬರೆದರೂ ನಿಮಗೆ ಅಂಥ ಉಪಯೋಗ ಆಗುವುದಿಲ್ಲ. ಇದೇ ಬೆಲೆಯ ಬೇರೆ ಹೆಸರಿನ ಟ್ರೇಲರ್‌ಗಳ ಕೆಳಗೂ ಮಲಗಿ ನೋಡಿದ್ದೇನೆ. ಅದೇ ಆಕ್ಸಲ್, ಅದೇ ಪೈಪು, ಅದೇ ಸ್ಟೇಪಲ್ ಪಿನ್ನು. ಹೊರಗಿನ ಸ್ಟಿಕ್ಕರ್ ಬೇರೆ, ಅಷ್ಟೇ.

ನಾನು ಮಿಶಿಗನ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಗುಣಮಟ್ಟದ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಮುಖ್ಯವಾದ ಬೋಲ್ಟ್ ಎಷ್ಟು ಬಿಗಿಯಾಗಿದೆ ಅನ್ನುವುದನ್ನು ಯಂತ್ರವೇ ಅಳೆದು ದಾಖಲೆ ಮಾಡುತ್ತದೆ. ಒಂದು ಕ್ಲಿಪ್ ಕೂರದಿದ್ದರೆ ಲೈನ್ ನಿಲ್ಲುತ್ತದೆ. ಯಾಕೆ ಕೂರಲಿಲ್ಲ ಎಂದು ನಾನು ಉತ್ತರ ಹುಡುಕಬೇಕು. ಟ್ರೇಲರ್ ಒಳಗೆ ನನ್ನ ಕಣ್ಣು ಎಲ್ಲೆಲ್ಲಿ ಹೋಗುತ್ತದೆ ಅನ್ನುವುದು ಇದರಿಂದ ನಿಮಗೆ ಗೊತ್ತಾಗಬಹುದು.

ಮೊದಲು ಒಳ್ಳೆಯದು. ಇಷ್ಟು ಚಿಕ್ಕ ಜಾಗದಲ್ಲಿ ನಾಲ್ಕು ಜನ ಒಬ್ಬರನ್ನೊಬ್ಬರು ತಳ್ಳದೆ ಓಡಾಡಬಹುದು. ಸ್ಲೈಡ್‌ಔಟ್ ಹೊರಗೆ ಬಂದರೆ ನಡುಮನೆ ನಿಜವಾಗಿ ಅಗಲವಾಗುತ್ತದೆ. ಅಡುಗೆ ಕಟ್ಟೆಯ ಎತ್ತರ ಸರಿಯಾಗಿದೆ. ಮಳೆ ಬಂದ ದಿನ ಮಕ್ಕಳು ಬಂಕ್‌ನಲ್ಲಿ ಪರದೆ ಎಳೆದುಕೊಂಡು ಗಂಟೆಗಟ್ಟಲೆ ಆಡುತ್ತಾರೆ. ಈ ನಕ್ಷೆ ಬರೆದವರು ಮಕ್ಕಳಿರುವ ಮನೆಯನ್ನು ಚೆನ್ನಾಗಿ ಬಲ್ಲವರು. ಅದಕ್ಕೇ ನನಗೆ ಹೊಟ್ಟೆ ಉರಿಯುವುದು. ಇಷ್ಟು ಚೆನ್ನಾಗಿ ಯೋಚಿಸಿದ ವಸ್ತುವನ್ನು ಇಷ್ಟು ಅವಸರದಲ್ಲಿ ಯಾಕೆ ಜೋಡಿಸಬೇಕು?

ಡೆಲಿವರಿ ದಿನ ನಾನೂ ನಮ್ಮವರೂ ಅರ್ಧ ದಿನ ನಿಂತು ಎಲ್ಲ ನೋಡಿದೆವು. ಒಂದು ಕಿಟಕಿಯ ರಬ್ಬರ್ ಮಡಚಿಕೊಂಡಿತ್ತು. ಅಡುಗೆ ಸಿಂಕ್ ಕೆಳಗೆ ಪೈಪಿನ ಕ್ಲ್ಯಾಂಪ್ ಬಿಗಿದಿರಲಿಲ್ಲ, ನೀರು ಬಿಟ್ಟ ಕೂಡಲೇ ಹನಿಯತೊಡಗಿತು. ಚಾವಣಿಯ ಮುಂದಿನ ಮೂಲೆಯಲ್ಲಿ ಬೆರಳಗಲ ಜಾಗಕ್ಕೆ ಸೀಲಂಟ್, ಅಂದರೆ ನೀರು ಇಳಿಯದ ಹಾಗೆ ಸಂದಿಗೆ ಹಚ್ಚುವ ಅಂಟು, ಬಿದ್ದಿರಲೇ ಇಲ್ಲ. ಎಲ್ಲ ಬರೆಸಿ, ಸಹಿ ಹಾಕಿಸಿಕೊಂಡು, ರಿಪೇರಿ ಆದ ಮೇಲೇ ಹಣ ಕೊಟ್ಟೆವು.

ಕಣ್ಣಿಗೆ ಕಾಣದ ದೋಷಗಳು ಆಮೇಲೆ ಒಂದೊಂದಾಗಿ ಹೊರಬಂದವು. ನೀರಿನ ಪಂಪು ಪದೇ ಪದೇ ನಿಲ್ಲುತ್ತಿತ್ತು. ಅದರ ಜಾಲರಿ ಬಿಚ್ಚಿದರೆ ತುಂಬ ಪ್ಲಾಸ್ಟಿಕ್ ಸಿಪ್ಪೆ. ಕಾರ್ಖಾನೆಯಲ್ಲಿ ಟ್ಯಾಂಕಿಗೆ ತೂತು ಕೊರೆದಾಗ ಉದುರಿದ ಚೂರುಗಳನ್ನು ಯಾರೂ ತೆಗೆದಿರಲಿಲ್ಲ. ಅದು ನಾವು ಹಲ್ಲುಜ್ಜುವ ನೀರು. ಪೈಪು ಬಿಚ್ಚಿ, ಟ್ಯಾಂಕನ್ನು ತೊಳೆದು ತೊಳೆದು ಖಾಲಿ ಮಾಡಿದ ಮೇಲೆ ಸಿಪ್ಪೆ ಬರುವುದು ನಿಂತಿತು.

ಏಸಿಯದು ಇನ್ನೊಂದು ಕತೆ. ಜುಲೈ ಬಿಸಿಲಲ್ಲಿ ಇಡೀ ದಿನ ಓಡಿದರೂ ಬಂಕ್ ಕಡೆ ತಣ್ಣಗಾಗುತ್ತಿರಲಿಲ್ಲ. ಏಸಿ ಕೆಟ್ಟಿದೆ ಎಂದೇ ಯಾರಾದರೂ ಅಂದುಕೊಳ್ಳುತ್ತಾರೆ. ನಾನು ಒಳಗಿನ ಮುಚ್ಚಳ ತೆಗೆದೆ. ತಣ್ಣನೆಯ ಗಾಳಿ ಹೊರಡುವ ಗೂಡಿಗೂ ಒಳಗಿನ ಗಾಳಿ ಎಳೆದುಕೊಳ್ಳುವ ಗೂಡಿಗೂ ನಡುವೆ ಒಂದು ಅಡ್ಡ ತುಂಡು ಇರುತ್ತದೆ. ಅದರ ಅಂಚಿಗೆ ಟೇಪೇ ಹಾಕಿರಲಿಲ್ಲ. ತಣ್ಣನೆಯ ಗಾಳಿ ಕೋಣೆಗೆ ಬರುವ ಮೊದಲೇ ವಾಪಸ್ ಹೋಗುತ್ತಿತ್ತು. ಉಳಿದದ್ದರಲ್ಲಿ ಸ್ವಲ್ಪ ಚಾವಣಿಯ ಸಂದಿಗೆ ಸೋರಿಹೋಗುತ್ತಿತ್ತು, ಯಾಕೆಂದರೆ ಗಾಳಿ ಬರುವ ಕಿಂಡಿಗಳ ಅಂಚೂ ತೆರೆದೇ ಇತ್ತು. ಒಂದು ಸುರುಳಿ ಅಲ್ಯೂಮಿನಿಯಂ ಫಾಯಿಲ್ ಟೇಪು, ಒಂದು ಮಧ್ಯಾಹ್ನದ ಕೆಲಸ. ಬಂಕ್ ತಣ್ಣಗಾಯಿತು. ಯಂತ್ರ ಮೊದಲಿನಿಂದಲೂ ಸರಿಯಾಗಿಯೇ ಇತ್ತು.

ಇವೆಲ್ಲ ರಗಳೆ ಮಾತ್ರ. ನಿಜವಾದ ಅಪಾಯ ನೀರು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ.

ಹಳೆಯದೆಲ್ಲ ಒಳ್ಳೆಯದಿತ್ತು ಎಂದು ನಾನು ಹೇಳುವುದಿಲ್ಲ. ಮರದ ಚೌಕಟ್ಟಿಗೆ ಅಲ್ಯೂಮಿನಿಯಂ ತಗಡು ಹೊಡೆದ ಹಳೇ ಟ್ರೇಲರ್‌ಗಳೂ ಸೋರುತ್ತಿದ್ದವು. ಆದರೆ ಈಗ ಎರಡು ವಿಷಯ ಬದಲಾಗಿದೆ. ಒಂದು, 1990ರ ದಶಕದಿಂದ ಸ್ಲೈಡ್‌ಔಟ್‌ಗಳು ಸಾಮಾನ್ಯವಾದವು. ಅಂದರೆ ಗೋಡೆಯಲ್ಲಿ ಬಾಗಿಲಿಗಿಂತ ಎಷ್ಟೋ ದೊಡ್ಡ ತೂತು, ಅದನ್ನು ಕಾಯುವುದು ರಬ್ಬರ್ ಪಟ್ಟಿ ಮಾತ್ರ. ಎರಡು, ತೂಕ ಇಳಿಸಲು ಗೋಡೆಯನ್ನು ಪದರ ಪದರವಾಗಿ ಅಂಟಿಸುತ್ತಾರೆ. ಹೊರಗೆ ತೆಳ್ಳನೆ ಫೈಬರ್‌ಗ್ಲಾಸ್, ಅದರ ಹಿಂದೆ ತೆಳ್ಳನೆ ಪ್ಲೈವುಡ್, ನಡುವೆ ಫೋಮ್, ಅಲ್ಲಲ್ಲಿ ಅಲ್ಯೂಮಿನಿಯಂ ಪಟ್ಟಿ. ಒಣಗಿರುವವರೆಗೆ ಇದು ಗಟ್ಟಿ ಗೋಡೆ, ಹಗುರ ಕೂಡ. ಒಂದು ಸ್ಕ್ರೂ ತೂತಿನಿಂದ ನೀರು ಒಳಗೆ ಹೋದರೆ ಪ್ಲೈವುಡ್ ಅದನ್ನು ಕುಡಿಯುತ್ತದೆ, ಅಂಟು ಬಿಡುತ್ತದೆ, ಹೊರಗಿನ ಫೈಬರ್‌ಗ್ಲಾಸ್ ಗುಳ್ಳೆಯ ಹಾಗೆ ಉಬ್ಬುತ್ತದೆ. ಡಿಲ್ಯಾಮಿನೇಷನ್ ಅನ್ನುವುದು ಇದಕ್ಕೇ. ಒಮ್ಮೆ ಉಬ್ಬಿದರೆ ರಿಪೇರಿ ಖರ್ಚು ಟ್ರೇಲರ್ ಬೆಲೆಯ ಹತ್ತಿರ ಹೋಗಬಹುದು. ಪ್ಲೈವುಡ್ ಬದಲು ಅಜ್‌ಡೆಲ್‌ನಂಥ ಕಾಂಪೊಸಿಟ್ ಹಾಳೆ ಹಾಕಿದ ಟ್ರೇಲರ್‌ಗಳಿವೆ. ಅದರಲ್ಲಿ ಮರ ಇಲ್ಲ, ಹಾಗಾಗಿ ಕೊಳೆಯುವುದಿಲ್ಲ. ಜಾಸ್ತಿ ಹಣ ಕೊಡುವುದಾದರೆ ಇದಕ್ಕೆ ಕೊಡಿ. ದೊಡ್ಡ ಟೀವಿ, ಬಣ್ಣದ ದೀಪ ಬಿಟ್ಟು ಇದನ್ನು ಕೇಳಿ.

ಡೆಲಿವರಿ ದಿನ ಚಾವಣಿಯ ಮೂಲೆ ಬಿಟ್ಟುಹೋಗಿತ್ತು ಅಂದೆನಲ್ಲ, ಡೀಲರ್ ಅಲ್ಲಿ ಸೀಲಂಟ್ ಹಾಕಿದ್ದ. ಎರಡನೇ ಚಳಿಗಾಲ ಮುಗಿಯುವ ಹೊತ್ತಿಗೆ ಅದು ಎದ್ದಿತ್ತು. ಧೂಳು ಒರೆಸದೆ ಮೇಲೆ ಮೆತ್ತಿದ್ದಕ್ಕೆ ಹಿಡಿದಿರಲಿಲ್ಲ. ತೇವ ಅಳೆಯುವ ಮೀಟರ್ ಇಟ್ಟು ನೋಡಿದಾಗ ಹಾಸಿಗೆಯ ಪಕ್ಕದ ಗೋಡೆಯಲ್ಲಿ ಅಂಕಿ ಏರಿತ್ತು. ಕೈಗೆ ಇನ್ನೂ ಮೆತ್ತಗಾಗಿರಲಿಲ್ಲ. ಒಳಗಿನ ಮರದ ಪಟ್ಟಿ ಬಿಚ್ಚಿ, ಫ್ಯಾನ್ ಇಟ್ಟು, ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಓಡಿಸಿ ಒಣಗಿಸಿದೆವು. ಗೋಡೆ ಉಳಿಯಿತು.

ವಾರಂಟಿ? ಒಂದು ವರ್ಷ ಮುಗಿದಿತ್ತು. ಮುಗಿಯದಿದ್ದರೂ ಕಷ್ಟವೇ. ಮ್ಯಾನ್ಯುಯಲ್‌ನಲ್ಲಿ ಸೀಲಂಟ್ ನೋಡಿಕೊಳ್ಳುವುದು ಮಾಲೀಕರ ಕೆಲಸ ಎಂದು ಬರೆದಿರುತ್ತದೆ. ನೀವು ನೋಡಿಕೊಂಡಿದ್ದಕ್ಕೆ ದಾಖಲೆ ಇಲ್ಲ ಅಂದರೆ ಸೋರಿಕೆಯಿಂದ ಆದ ಹಾನಿ ನಿಮ್ಮ ತಲೆಗೇ ಬರುತ್ತದೆ. ಅದಕ್ಕೇ ಚಾವಣಿ ನೋಡಿದಾಗಲೆಲ್ಲ ದಿನಾಂಕ ಕಾಣುವ ಹಾಗೆ ಫೋಟೊ ತೆಗೆದಿಡಿ.

ಡೀಲರ್ ವಿಷಯಕ್ಕೆ ಬರುತ್ತೇನೆ. ಮೊದಲ ಬೇಸಿಗೆಯಲ್ಲೇ ಸ್ಲೈಡ್‌ಔಟ್ ಒಂದು ಕಡೆ ವಾಲತೊಡಗಿತು. ವಾರಂಟಿ ಇತ್ತು, ಬಿಟ್ಟು ಬಂದೆವು. ಕಂಪನಿಗೆ ಫೋಟೊ ಹೋಗಬೇಕು, ಅವರು ಒಪ್ಪಬೇಕು, ಭಾಗ ಬರಬೇಕು, ಆಮೇಲೆ ಮೆಕ್ಯಾನಿಕ್‌ಗೆ ಬಿಡುವಾಗಬೇಕು. ಬೇಸಿಗೆ ಪೂರ್ತಿ ನಮ್ಮ ಟ್ರೇಲರ್ ಅವರ ಅಂಗಳದಲ್ಲೇ ನಿಂತಿತ್ತು. ಕಂತು ಮಾತ್ರ ಪ್ರತಿ ತಿಂಗಳೂ ತಪ್ಪದೆ ಹೋಯಿತು. ಆ ಒಳ್ಳೆಯ ಮೆಕ್ಯಾನಿಕ್ ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ಮುಂದಿನ ಸಲ ಇಲ್ಲಿಗೆ ತರಬೇಡಿ. ಮನೆಗೇ ಬಂದು ರಿಪೇರಿ ಮಾಡುವವರನ್ನು ಕರೆಸಿ. ಕಂಪನಿಗೆ ಮೊದಲೇ ಫೋನ್ ಮಾಡಿ ಒಪ್ಪಿಗೆ ತಗೊಂಡರೆ ಹಣ ವಾಪಸ್ ಕೊಡುತ್ತಾರೆ" ಎಂದ. ಅದರ ನಂತರ ನಾವು ಮಾಡಿದ್ದು ಅದನ್ನೇ. ಒಪ್ಪಿಗೆಯನ್ನು ಫೋನಲ್ಲಿ ಕೇಳಿ ಸುಮ್ಮನಿರಬೇಡಿ, ಈಮೇಲ್‌ನಲ್ಲಿ ಬರೆಸಿಕೊಳ್ಳಿ.

ಹೀಗೆ ಯಾಕಾಗುತ್ತದೆ? ಇಂಥ ಟ್ರೇಲರ್, ಮೋಟರ್‌ಹೋಮ್‌ಗಳಿಗೆಲ್ಲ ಸೇರಿ ಆರ್‌ವಿ ಅನ್ನುತ್ತಾರೆ. ಅಮೆರಿಕದ ಆರ್‌ವಿಗಳಲ್ಲಿ ಬಹುಪಾಲು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಮತ್ತು ಸುತ್ತಲಿನ ಊರುಗಳಲ್ಲಿ. ಮಿಶಿಗನ್ ಗಡಿ ದಾಟಿದರೆ ಸಿಗುವ ಊರು ಅದು. ಅಲ್ಲಿನ ಆರ್‌ವಿ ಮ್ಯೂಸಿಯಂಗೂ ಹೋಗಿದ್ದೇವೆ. 1913ರ ಅರ್ಲ್ ಟ್ರೇಲರ್ ಅಲ್ಲಿದೆ, ಮಕ್ಕಳಿಗೆ ತೋರಿಸಬೇಕಾದದ್ದು. ಆರ್‌ವಿ ಜೋಡಣೆಯಲ್ಲಿ ರೋಬೋಟ್ ಕಡಿಮೆ, ಕೈಕೆಲಸ ಜಾಸ್ತಿ. ಹಲವು ಕಾರ್ಖಾನೆಗಳಲ್ಲಿ ಕೂಲಿ ನಿಂತಿರುವುದು ಎಷ್ಟು ಗಾಡಿ ಹೊರಗೆ ಹೋಯಿತು ಅನ್ನುವುದರ ಮೇಲೆ. ಬೆಳಕು ಹರಿಯುವ ಮೊದಲೇ ಶುರು ಮಾಡಿ, ಆ ದಿನದ ಲೆಕ್ಕ ಮುಗಿಸಿ ಮನೆಗೆ ಹೋಗುತ್ತಾರೆ. ಅಲ್ಲಿ ಕೆಲಸ ಮಾಡುವವರನ್ನು ನಾನು ದೂರುವುದಿಲ್ಲ. ನಿಂತು ಕ್ಲ್ಯಾಂಪ್ ಎರಡನೇ ಸಲ ಬಿಗಿದವನಿಗೆ ಸಂಬಳ ಕಡಿಮೆ ಬರುವ ಪದ್ಧತಿ ಇದ್ದರೆ ಯಾರು ತಾನೇ ನಿಲ್ಲುತ್ತಾರೆ? ಪದ್ಧತಿ ಬರೆದವರು ಉತ್ತರ ಕೊಡಬೇಕು.

ಮಾರುಕಟ್ಟೆಯ ದೊಡ್ಡ ಪಾಲು ಥಾರ್, ಫಾರೆಸ್ಟ್ ರಿವರ್, ವಿನ್ನೆಬಾಗೊ ಎಂಬ ಮೂರು ಗುಂಪುಗಳ ಕೈಯಲ್ಲಿದೆ. ಶೋರೂಮಿನಲ್ಲಿ ಕಾಣುವ ಹತ್ತಾರು ಹೆಸರುಗಳ ಹಿಂದೆ ಇರುವುದು ಹೆಚ್ಚಾಗಿ ಇವೇ. ಇದಕ್ಕೆ ಕೋವಿಡ್ ಸೇರಿಕೊಂಡಿತು. ಜನಕ್ಕೆ ವಿಮಾನ, ಹೋಟೆಲ್ ಬೇಡವಾಗಿ ಎಲ್ಲರಿಗೂ ಆರ್‌ವಿ ಬೇಕಾಯಿತು. 2021ರಲ್ಲಿ 6 ಲಕ್ಷಕ್ಕೂ ಸ್ವಲ್ಪ ಜಾಸ್ತಿ ಆರ್‌ವಿಗಳು ಕಾರ್ಖಾನೆಯಿಂದ ಹೊರಬಿದ್ದವು, ಅದು ದಾಖಲೆ. ನಮ್ಮದೂ ಆ ಗುಂಪಿನದೇ. ಆಗ ಅವಸರ ಇತ್ತು ಎಂದು ಒಪ್ಪೋಣ. ಆದರೆ 2023ಕ್ಕೆ ಆ ಸಂಖ್ಯೆ ಸುಮಾರು 3 ಲಕ್ಷ 13 ಸಾವಿರಕ್ಕೆ ಇಳಿಯಿತು. ಆ ವರ್ಷ ತಯಾರಾದ ಟ್ರೇಲರ್ ಕೊಂಡ ಗೆಳತಿಗೆ ಡೆಲಿವರಿ ದಿನ ನಾನೇ ಜೊತೆಗೆ ಹೋಗಿದ್ದೆ. ಟ್ಯಾಂಕಿನಲ್ಲಿ ಅದೇ ಪ್ಲಾಸ್ಟಿಕ್ ಸಿಪ್ಪೆ, ಏಸಿ ಮುಚ್ಚಳದ ಒಳಗೆ ಅದೇ ತೆರೆದ ಅಂಚು. ಅವಸರ ಹೋದರೂ ಅವಸರದ ಅಭ್ಯಾಸ ಹೋಗಿರಲಿಲ್ಲ.

ಬಾಗಿಲ ಪಕ್ಕ ಒಂದು ಮುದ್ರೆ ಇರುತ್ತದೆ, ಆರ್‌ವಿಐಎ ಎಂಬ ತಯಾರಕರ ಸಂಘದ್ದು. ಅದನ್ನು ನೋಡಿ ಎಲ್ಲ ಪರೀಕ್ಷೆ ಆಗಿದೆ ಎಂದು ನೆಮ್ಮದಿಪಡುವವರಿದ್ದಾರೆ. ಅದು ಬೆಂಕಿ, ಗ್ಯಾಸ್, ವಿದ್ಯುತ್, ನೀರಿನ ಕೊಳವೆಗಳ ಸುರಕ್ಷತಾ ನಿಯಮಗಳಿಗೆ ಸಂಬಂಧಿಸಿದ್ದು. ಬೀರು ನೆಟ್ಟಗಿದೆಯೇ, ಚಾವಣಿ ಐದು ವರ್ಷ ಬಾಳುತ್ತದೆಯೇ ಅನ್ನುವುದಕ್ಕೂ ಆ ಮುದ್ರೆಗೂ ಸಂಬಂಧವಿಲ್ಲ. ಕಾರು ಪದೇ ಪದೇ ಕೆಟ್ಟರೆ ವಾಪಸ್ ಕೊಡಲು ರಾಜ್ಯಗಳಲ್ಲಿ ಲೆಮನ್ ಕಾನೂನು ಇದೆ, ಅಲ್ವಾ? ಹಲವು ರಾಜ್ಯಗಳಲ್ಲಿ ಅದು ಎಳೆಯುವ ಟ್ರೇಲರ್‌ಗೆ ಅನ್ವಯಿಸುವುದೇ ಇಲ್ಲ. ತನ್ನದೇ ಎಂಜಿನ್ ಇರುವ ಮೋಟರ್‌ಹೋಮ್ ಆದರೂ ಎಂಜಿನ್, ಚಾಸಿಗಷ್ಟೇ ರಕ್ಷಣೆ, ವಾಸದ ಭಾಗ ಹೊರಗೆ ಎನ್ನುವ ರಾಜ್ಯಗಳಿವೆ. ಲಿಖಿತ ವಾರಂಟಿಗೆ 1975ರ ಮ್ಯಾಗ್ನಸನ್-ಮಾಸ್ ಎಂಬ ಕೇಂದ್ರ ಕಾನೂನಿನ ಬಲ ಇದೆ, ಆದರೆ ಅದಕ್ಕೆ ಕಾಗದಪತ್ರ ಬೇಕು. ಸುರಕ್ಷತೆಯ ದೋಷಗಳಿಗೆ ಎನ್‌ಎಚ್‌ಟಿಎಸ್‌ಎ ಎಂಬ ಕೇಂದ್ರ ರಸ್ತೆ ಸುರಕ್ಷತಾ ಸಂಸ್ಥೆಯ ತಾಣದಲ್ಲಿ ಟ್ರೇಲರ್‌ನ ವರ್ಷ, ಕಂಪನಿ, ಮಾಡೆಲ್ ಹಾಕಿ ಹುಡುಕಿದರೆ ರಿಕಾಲ್ (ದೋಷ ಸರಿಪಡಿಸಲು ಕಂಪನಿ ವಾಪಸ್ ಕರೆಯುವುದು) ಇದೆಯೇ ಎಂದು ಪುಕ್ಕಟೆಯಾಗಿ ಗೊತ್ತಾಗುತ್ತದೆ. ಪ್ರತಿ ವಸಂತದಲ್ಲಿ ನಾನು ಮೊದಲು ಮಾಡುವ ಕೆಲಸ ಇದೇ.

ಆಮೇಲೆ ಚಾವಣಿ. ನಮ್ಮದು ಟಿಪಿಒ ಎಂಬ ರಬ್ಬರಿನಂಥ ಪ್ಲಾಸ್ಟಿಕ್ ಹಾಳೆಯ ಚಾವಣಿ. ಒಂದು ಪ್ಲೈವುಡ್ ಹಲಗೆ ಹಾಕಿಕೊಂಡು ಅದರ ಮೇಲೆ ಮಂಡಿಯೂರಿ ಪ್ರತಿ ಅಂಚು, ಪ್ರತಿ ಕಿಂಡಿ ನೋಡುತ್ತೇನೆ. ಬಿರುಕು ಬಿಟ್ಟ ಜಾಗ ಒರೆಸಿ, ಒಣಗಿಸಿ, ಚಾವಣಿಗೆಂದೇ ಇರುವ ಲ್ಯಾಪ್ ಸೀಲಂಟ್ ಹಾಕುತ್ತೇನೆ. ಅದು ತಾನಾಗಿಯೇ ಹರಡಿ ಸಮವಾಗಿ ಕೂರುತ್ತದೆ. ಪಕ್ಕದ ಗೋಡೆಗೆ ಹರಿಯದ ಬೇರೆ ಬಗೆ ಬೇಕು. ಅಂಗಡಿಯಲ್ಲಿ ಸಿಗುವ ಸಿಲಿಕೋನ್ ಸೀಲಂಟ್ ದಯವಿಟ್ಟು ಹಾಕಬೇಡಿ. ಮುಂದೆ ಅದರ ಮೇಲೆ ಬೇರೇನೂ ಅಂಟುವುದಿಲ್ಲ, ಕೆರೆದು ತೆಗೆಯಲು ಒಂದು ದಿನ ಬೇಕು.

ಚಕ್ರದ ವಿಷಯದಲ್ಲಿ ನಾನು ಯಾವ ರಾಜಿಯನ್ನೂ ಮಾಡುವುದಿಲ್ಲ. ಟ್ರೇಲರ್ ಜೊತೆ ಬಂದ ಟೈರುಗಳು ತುಂಬಿದ ತೂಕಕ್ಕೆ ಅಂಚಿನಲ್ಲಿದ್ದವು. ಟ್ರಕ್ ಸ್ಟಾಪ್‌ನ ತೂಕದ ಯಂತ್ರದ ಮೇಲೆ ನಿಲ್ಲಿಸಿದಾಗ ಇದು ಗೊತ್ತಾಯಿತು. ನೀರೊಂದೇ ಗ್ಯಾಲನ್‌ಗೆ 8.3 ಪೌಂಡ್. ಟ್ಯಾಂಕು ತುಂಬಿಸಿ, ಬಟ್ಟೆ, ಪಾತ್ರೆ, ಸೈಕಲ್ ಹಾಕಿದರೆ ಹಳದಿ ಸ್ಟಿಕ್ಕರಿನಲ್ಲಿ ಬರೆದ ಮಿತಿ ಬೇಗ ಮುಟ್ಟುತ್ತದೆ. ತೂಕ ಹೊರುವುದರಲ್ಲಿ ಒಂದು ದರ್ಜೆ ಮೇಲಿನ, ಲೋಡ್ ರೇಂಜ್ ಇ ಎಂಬ ಟೈರು ಹಾಕಿಸಿದೆವು, ರಿಮ್ ಅದನ್ನು ತಡೆಯುತ್ತದೆಯೇ ಎಂದು ನೋಡಿಕೊಂಡೇ. ಗಾಳಿಯ ಒತ್ತಡ ತೋರಿಸುವ ಸೆನ್ಸರ್‌ಗಳನ್ನೂ ಹಾಕಿದೆವು. ಟೈರಿನ ಪಕ್ಕದಲ್ಲಿ ಡಿಒಟಿ ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಹೊಸ ಟ್ರೇಲರ್ ಕೆಳಗೆ ಹಳೆಯ ಟೈರು ಇರಬಹುದು. ಚಕ್ರ ಬಿಚ್ಚಿ ಹಾಕಿದ ಮೇಲೆ ಮೊದಲ 50 ರಿಂದ 100 ಮೈಲಿಯಲ್ಲಿ ನಟ್ಟುಗಳನ್ನು ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಿಂದ ಮತ್ತೆ ಬಿಗಿಯಬೇಕು. ಇದನ್ನು ನನಗೆ ಮಾಡಿ ತೋರಿಸಿದ್ದು ಮಿಶಿಗನ್‌ನ ಲಡಿಂಗ್‌ಟನ್ ಸ್ಟೇಟ್ ಪಾರ್ಕಿನಲ್ಲಿ ಪಕ್ಕದಲ್ಲಿ ಟ್ರೇಲರ್ ನಿಲ್ಲಿಸಿದ್ದ ಹಿರಿಯರೊಬ್ಬರು. ತಮ್ಮ ರೆಂಚ್ ಅನ್ನು ನನ್ನ ಕೈಗೇ ಕೊಟ್ಟು, ಕ್ಲಿಕ್ ಶಬ್ದ ಬರುವವರೆಗೆ ಪಕ್ಕದಲ್ಲೇ ನಿಂತರು.

ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಇದನ್ನು ನಾನು ಬಹಳ ಕಡೆ ಕಂಡಿದ್ದೇನೆ. ಒಬ್ಬರ ಹತ್ತಿರ ತೇವದ ಮೀಟರ್, ಇನ್ನೊಬ್ಬರ ಹತ್ತಿರ ಪೈಪಿನ ಕ್ಲ್ಯಾಂಪ್ ಹಾಕುವ ಇಕ್ಕಳ. ನಿವೃತ್ತ ಎಲೆಕ್ಟ್ರಿಷಿಯನ್ ಒಬ್ಬರು ನಮ್ಮ ವಿದ್ಯುತ್ ಪೆಟ್ಟಿಗೆಯಲ್ಲಿ ಸಡಿಲವಾಗಿದ್ದ ಒಂದು ತಂತಿಯನ್ನು, ಕರೆಂಟ್ ಪೂರ್ತಿ ತೆಗೆಸಿ, ಬಿಗಿದು ಕೊಟ್ಟರು. ಬೀರುವಿನ ಬಾಗಿಲು ಕಿತ್ತು ಬಂದರೆ ಹಳೇ ಸ್ಕ್ರೂ ತೂತಿಗೆ ಮರದ ಅಂಟು ಹಚ್ಚಿದ ಕಡ್ಡಿ ತುಂಬಿ, ಒಣಗಿದ ಮೇಲೆ ಮತ್ತೆ ಸ್ಕ್ರೂ ಹಾಕಬೇಕು ಎಂದು ಕಲಿತದ್ದೂ ಹೀಗೇ. ಈ ಜನರ ಬಗ್ಗೆ ನನಗೆ ತುಂಬ ಗೌರವ ಇದೆ. ಆದರೆ 34,000 ಡಾಲರ್ ಕೊಟ್ಟವರು ಕಾರ್ಖಾನೆಯ ಕೊನೆಯ ಇನ್‌ಸ್ಪೆಕ್ಟರ್ ಕೆಲಸವನ್ನೂ ತಾವೇ ಮಾಡುವುದು ನ್ಯಾಯವಲ್ಲ. ಆರ್‌ವಿ ಅಂದರೆ ಹೀಗೇ, ರಿಪೇರಿ ಮಾಡುತ್ತಾ ಇರಬೇಕು ಎಂದು ನಕ್ಕು ಸುಮ್ಮನಾಗುವ ಮಾತನ್ನು ನಾನು ಒಪ್ಪುವುದಿಲ್ಲ. ರಸ್ತೆಯ ಕುಲುಕಾಟಕ್ಕೆ ಸ್ಕ್ರೂ ಸಡಿಲವಾಗುವುದು ಬೇರೆ, ಸ್ಕ್ರೂ ಮರಕ್ಕೆ ತಾಗದೇ ಇರುವುದು ಬೇರೆ.

ಕೊಳ್ಳಬೇಕು ಎಂದುಕೊಂಡವರಿಗೆ: ಸಹಿ ಹಾಕುವ ಮೊದಲು ಸ್ವತಂತ್ರ ಆರ್‌ವಿ ಇನ್‌ಸ್ಪೆಕ್ಟರ್ ಒಬ್ಬರನ್ನು ಕರೆಸಿ. ಹೊಸದಕ್ಕೂ ಕರೆಸಿ. ಡೀಲರ್ ಬೇಡ ಅಂದರೆ ಆ ಅಂಗಡಿ ಬಿಟ್ಟು ಬನ್ನಿ. ಚೆನ್ನಾಗಿ ನೋಡಿಕೊಂಡ ಮೂರು ನಾಲ್ಕು ವರ್ಷ ಹಳೆಯದು ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. ಮೊದಲ ಮಾಲೀಕರು ಅಷ್ಟರಲ್ಲಿ ಬಹಳಷ್ಟು ಸರಿಮಾಡಿರುತ್ತಾರೆ, ಬೆಲೆಯೂ ಇಳಿದಿರುತ್ತದೆ. ಇಬ್ಬರೇ ಇದ್ದರೆ ಸ್ಕ್ಯಾಂಪ್, ಕಸಿಟಾದಂಥ ಅಚ್ಚಿನ ಫೈಬರ್‌ಗ್ಲಾಸ್ ಟ್ರೇಲರ್ ನೋಡಿ. ದೋಣಿ ಮಾಡುವ ಹಾಗೆ ಅಚ್ಚಿನಲ್ಲಿ ತೆಗೆದ ಎರಡು ದೊಡ್ಡ ಚಿಪ್ಪುಗಳನ್ನು ಕೂಡಿಸಿ ಮಾಡಿರುತ್ತಾರೆ, ಹಾಗಾಗಿ ನೀರು ನುಗ್ಗುವ ಸಂದುಗಳೇ ಕಡಿಮೆ. ನಮ್ಮ ನಾಲ್ಕು ಜನಕ್ಕೆ ಜಾಗ ಸಾಲದು, ಇಲ್ಲದಿದ್ದರೆ ನಾವೂ ಅದಕ್ಕೇ ಹೋಗುತ್ತಿದ್ದೆವು.

ತಯಾರಕರಿಗೆ ಕೇಳುವುದು ಒಂದೇ. ಟ್ರೇಲರ್ ಒಳಗೆ ಬ್ಲೋವರ್‌ನಿಂದ ಗಾಳಿ ತುಂಬಿಸಿ, ಹೊರಗೆಲ್ಲ ಸಾಬೂನು ನೀರು ಹಚ್ಚಿದರೆ ಸೋರುವ ಕಡೆ ಗುಳ್ಳೆ ಬರುತ್ತದೆ. ಹೀಗೆ ಪರೀಕ್ಷೆ ಮಾಡುವ ರಿಪೇರಿ ಅಂಗಡಿಗಳು ಬೇಕಾದಷ್ಟಿವೆ. ಈ ವಸಂತದಲ್ಲಿ ನಾವೂ ಮಾಡಿಸಿದೆವು. ಚಾವಣಿ ಪಾಸಾಯಿತು. ಹಿಂದಿನ ಎಡ ಮಾರ್ಕರ್ ದೀಪದ ಸುತ್ತ ಗುಳ್ಳೆ ಎದ್ದವು. ದೀಪ ಬಿಚ್ಚಿ ನೋಡಿದರೆ ತಂತಿ ಬರುವ ತೂತಿನ ಸುತ್ತ ಸೀಲಂಟ್ ಇರಲೇ ಇಲ್ಲ, ಕಾರ್ಖಾನೆಯಿಂದ ಬಂದದ್ದೇ ಹಾಗೆ. ಸಂದಿ ಮುಚ್ಚುವ ಬ್ಯೂಟೈಲ್ ಟೇಪು ಹಾಕಿ ಕೂರಿಸಿದ್ದೇನೆ. ಪ್ರತಿ ಟ್ರೇಲರ್ ಹೊರಗೆ ಹೋಗುವ ಮೊದಲು ಈ ಪರೀಕ್ಷೆಯನ್ನು ಕಾರ್ಖಾನೆಯಲ್ಲೇ ಮಾಡಿ, ಅದರ ಚೀಟಿಯನ್ನು ಕೀಲಿಕೈ ಜೊತೆ ಕೊಡಲಿ. ಅಂಥ ಚೀಟಿ ಕೊಡುವ ಕಂಪನಿಗೆ ಮುಂದಿನ ಸಲ ಎರಡು ಸಾವಿರ ಡಾಲರ್ ಜಾಸ್ತಿ ಕೊಡಲು ನಾನು ಸಿದ್ಧ.